ಇಪ್ಪತ್ತೈದು ಜನರ ಸಂಸ್ಥೆಗೆ ಸೈಬರ್ ಭದ್ರತೆ: ಯಾವುದು ಮೊದಲು, ಯಾವುದು ಆಮೇಲೆ

ಪ್ರಶ್ನೆ: ನಮ್ಮದು ಇಪ್ಪತ್ತೈದು ಮಂದಿ ಕೆಲಸ ಮಾಡುವ ವ್ಯಾಪಾರ ಸಂಸ್ಥೆ. ಪ್ರತ್ಯೇಕ ಐಟಿ ವಿಭಾಗವಿಲ್ಲ. ಹೊರಗಿನ ತಂತ್ರಜ್ಞರೊಬ್ಬರು ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಾರೆ. ಎಲ್ಲ ಕಂಪ್ಯೂಟರ್‌ಗಳಲ್ಲೂ ಆಂಟಿವೈರಸ್ ಇದೆ. ಸರ್ವರ್‌ಗೆ ಒಂದು ಯುಎಸ್‌ಬಿ ಡಿಸ್ಕ್ ಜೋಡಿಸಿ ದಿನವೂ ಬ್ಯಾಕಪ್ ತೆಗೆಯುತ್ತೇವೆ. ಈಚೆಗೆ ನಮ್ಮ ಪೂರೈಕೆದಾರರೊಬ್ಬರ ಇಮೇಲ್ ಹ್ಯಾಕ್ ಆಗಿ, ಅವರ ಗ್ರಾಹಕರು ವಂಚಕರ ಖಾತೆಗೆ ಹಣ ಹಾಕಿಬಿಟ್ಟರು. ನಮಗೂ ಹಾಗಾಗದಂತೆ ಎಲ್ಲಿಂದ ಶುರು ಮಾಡಬೇಕು? ಸೈಬರ್ ವಿಮೆ ಮಾಡಿಸಿಕೊಂಡರೆ ಸಾಕೇ?

ಉತ್ತರ: ನಿಮ್ಮ ಪೂರೈಕೆದಾರರಿಗೆ ಏನಾಗಿರಬಹುದು ಎಂಬುದನ್ನು ಮೊದಲು ಬಿಡಿಸಿ ನೋಡೋಣ. ನೀವು ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂಬುದು ಅದರಲ್ಲೇ ತಿಳಿಯುತ್ತದೆ.

ಇಂಥ ವಂಚನೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಸಿಬ್ಬಂದಿಯಲ್ಲಿ ಒಬ್ಬರಿಗೆ ‘ನಿಮಗೊಂದು ದಾಖಲೆ ಹಂಚಿಕೊಳ್ಳಲಾಗಿದೆ’ ಎಂಬ ಮೇಲ್ ಬರುತ್ತದೆ. ಲಿಂಕ್ ಒತ್ತಿದರೆ ಮಾಮೂಲಿ ಲಾಗಿನ್ ಪುಟದಂತೆಯೇ ಕಾಣುವ ನಕಲಿ ಪುಟ. ಅಲ್ಲಿ ಪಾಸ್‌ವರ್ಡ್ ಕೊಟ್ಟರೆ ಅದು ವಂಚಕನ ಕೈ ಸೇರಿತು. ಆತ ಅವಸರ ಮಾಡುವುದಿಲ್ಲ. ಮೇಲ್‌ಬಾಕ್ಸ್‌ನೊಳಗೆ ಕೂತು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಓದುತ್ತಾನೆ: ಯಾರು ಯಾರಿಗೆ ಬಿಲ್ ಕಳಿಸುತ್ತಾರೆ, ಹಣ ಯಾವಾಗ ಬರುತ್ತದೆ, ಪತ್ರ ಬರೆಯುವ ಧಾಟಿ ಹೇಗಿದೆ. ‘ಇನ್‌ವಾಯ್ಸ್’, ‘ಪೇಮೆಂಟ್’ ಎಂಬ ಪದಗಳಿರುವ ಮೇಲ್‌ಗಳೆಲ್ಲ ಯಾರೂ ತೆರೆಯದ ಒಂದು ಫೋಲ್ಡರ್‌ಗೆ ತಾವಾಗಿಯೇ ಹೋಗುವಂತೆ ರೂಲ್ ಹಾಕಿಡುತ್ತಾನೆ. ಔಟ್‌ಲುಕ್‌ನಲ್ಲಾದರೆ ವೆಬ್‌ತಾಣಗಳ ಸುದ್ದಿಗೆಂದಿರುವ ‘ಆರ್‌ಎಸ್‌ಎಸ್ ಫೀಡ್ಸ್’ ಫೋಲ್ಡರ್ ಇಂಥ ವಂಚಕರಿಗೆ ಅಚ್ಚುಮೆಚ್ಚು. ಆಮೇಲೆ ನಡೆಯುತ್ತಿರುವ ಪತ್ರವ್ಯವಹಾರದ ನಡುವೆಯೇ, ಅದೇ ವಿಳಾಸದಿಂದ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಾರಿ ಇಲ್ಲಿಗೆ ಕಳಿಸಿ’ ಎಂದು ಉತ್ತರ ಹೋಗುತ್ತದೆ. ಗ್ರಾಹಕರು ಮರುಪ್ರಶ್ನೆ ಕೇಳಿದರೂ ಆ ಮೇಲ್ ನಿಜವಾದ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ.

ಇಡೀ ಪ್ರಕರಣದಲ್ಲಿ ವೈರಸ್ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಹಾಗಾಗಿ ಆಂಟಿವೈರಸ್‌ಗೆ ಇದರ ಸುಳಿವೇ ಸಿಗುವುದಿಲ್ಲ. ಅಮೆರಿಕದ ಎಫ್‌ಬಿಐಗೆ 2023ರ ಒಂದೇ ವರ್ಷದಲ್ಲಿ ಈ ಬಗೆಯ ಇಮೇಲ್ ವಂಚನೆಗಳಿಂದ ವರದಿಯಾದ ನಷ್ಟ ಸುಮಾರು 290 ಕೋಟಿ ಡಾಲರ್. ದೊಡ್ಡವರೂ ಬಿದ್ದಿದ್ದಾರೆ: 2013ರಿಂದ 2015ರವರೆಗೆ ಒಬ್ಬ ವಂಚಕ ತೈವಾನಿನ ಹಾರ್ಡ್‌ವೇರ್ ಕಂಪನಿಯೊಂದರ ಹೆಸರಿನಲ್ಲೇ ಬೇರೆಡೆ ಕಂಪನಿ ನೋಂದಾಯಿಸಿ, ಸುಳ್ಳು ಬಿಲ್ ಕಳಿಸಿ ಫೇಸ್‌ಬುಕ್ ಮತ್ತು ಗೂಗಲ್‌ನಿಂದ 10 ಕೋಟಿ ಡಾಲರ್‌ಗೂ ಹೆಚ್ಚು ಕಿತ್ತಿದ್ದ.

ಹಾಗಾಗಿ ನನ್ನ ಸಲಹೆ ಇಷ್ಟು: ಹೊಸ ಸಾಫ್ಟ್‌ವೇರ್ ಕೊಳ್ಳುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಗಾತ್ರದ ಸಂಸ್ಥೆಗೆ ಬೇಕಾದ ರಕ್ಷಣೆಯ ಬಹುಪಾಲು ನೀವು ಈಗಾಗಲೇ ಹಣ ಕೊಟ್ಟು ಬಳಸುತ್ತಿರುವ ಸೇವೆಗಳಲ್ಲೇ ಇದೆ, ಆದರೆ ಆಫ್ ಆಗಿದೆ ಅಥವಾ ಅರೆಬರೆ ಆನ್ ಆಗಿದೆ. ಮೊದಲು ಇಮೇಲ್, ಅದರ ಜೊತೆಗೇ ಹಣ ಪಾವತಿಯ ನಿಯಮ, ಆಮೇಲೆ ಬ್ಯಾಕಪ್, ಆಮೇಲೆ ಅಪ್‌ಡೇಟ್. ಈ ನಾಲ್ಕು ಸರಿಯಾಗುವವರೆಗೆ ಐದನೆಯದಕ್ಕೆ ಕೈ ಹಾಕಬೇಡಿ.

ಇಮೇಲ್

ಬ್ಯಾಂಕ್, ಲೆಕ್ಕಪತ್ರ, ವೆಬ್‌ಸೈಟ್, ಕ್ಲೌಡ್ ಎಲ್ಲದರ ‘ಪಾಸ್‌ವರ್ಡ್ ಮರೆತೆ’ ಲಿಂಕ್ ಬರುವುದು ಇಮೇಲ್‌ಗೇ. ಅದು ಹೋದರೆ ಬೀಗದ ಕೈಗೊಂಚಲೇ ಹೋದಂತೆ.

ಎರಡು ಹಂತದ ದೃಢೀಕರಣವನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆ ಕೇಳುವುದನ್ನು) ಇಪ್ಪತ್ತೈದು ಜನರಿಗೂ ಕಡ್ಡಾಯ ಮಾಡಿ. ‘ಇಷ್ಟವಿದ್ದವರು ಹಾಕಿಕೊಳ್ಳಿ’ ಎಂದು ಬಿಡಬೇಡಿ. ಅಡ್ಮಿನ್ ಪುಟದಿಂದಲೇ ಎಲ್ಲರಿಗೂ ಜಾರಿ ಮಾಡುವ ಸೌಲಭ್ಯ ಮೈಕ್ರೋಸಾಫ್ಟ್ 365 ಮತ್ತು ಗೂಗಲ್ ವರ್ಕ್‌ಸ್ಪೇಸ್ ಎರಡರಲ್ಲೂ ಇದೆ. ವಿನಾಯಿತಿ ಕೇಳುವವರು ಸಾಮಾನ್ಯವಾಗಿ ಇಬ್ಬರು: ಸಂಸ್ಥೆಯ ಯಜಮಾನರು, ಮತ್ತು ‘ಇನ್ಫೊ’, ‘ಅಕೌಂಟ್ಸ್’ ಎಂಬಂಥ ಹಲವರು ಸೇರಿ ಬಳಸುವ ವಿಳಾಸ. ವಂಚಕರಿಗೆ ಬೇಕಾಗಿರುವುದೂ ಅವೆರಡೇ. ಸಾಮೂಹಿಕ ವಿಳಾಸಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಇಡುವುದೇ ತಪ್ಪು. ಅದನ್ನು ಹಂಚಿಕೆಯ ಮೇಲ್‌ಬಾಕ್ಸ್ ಆಗಿ ಬದಲಿಸಿ, ಪ್ರತಿಯೊಬ್ಬರೂ ತಮ್ಮ ತಮ್ಮ ಲಾಗಿನ್‌ನಿಂದಲೇ ಅದನ್ನು ತೆರೆಯುವಂತೆ ಮಾಡಿ.

ಎರಡನೇ ಹಂತ ಯಾವುದಿರಬೇಕು? ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು, ಆದರೆ ನಕಲಿ ಸಿಮ್ ಪಡೆದವನಿಗೆ ಅದೂ ಸಿಗುತ್ತದೆ. ಫೋನಿನ ಆ್ಯಪ್ ಅದಕ್ಕಿಂತ ಒಳ್ಳೆಯದು. ‘ಒಪ್ಪಿಗೆಯೇ?’ ಎಂದಷ್ಟೇ ಕೇಳುವ ನೋಟಿಫಿಕೇಷನ್ ಮಾತ್ರ ಬೇಡ. ಪರದೆಯ ಮೇಲಿನ ಎರಡಂಕಿಯ ಸಂಖ್ಯೆಯನ್ನು ಫೋನಿನಲ್ಲಿ ಬರೆಯಬೇಕಾದ ವಿಧಾನವಿರಲಿ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯೊಳಗೆ ಹ್ಯಾಕರ್ ನುಗ್ಗಿದ್ದು ಗುತ್ತಿಗೆ ಕೆಲಸಗಾರರೊಬ್ಬರಿಗೆ ಮೇಲಿಂದ ಮೇಲೆ ಇಂಥ ಕೋರಿಕೆ ಕಳಿಸಿ, ಕೊನೆಗೆ ಒಂದಕ್ಕೆ ಒಪ್ಪಿಗೆ ಗಿಟ್ಟಿಸಿಕೊಂಡು. ಸಿಬ್ಬಂದಿಗೆ ಒಂದು ವಿಷಯ ಖಚಿತವಾಗಿ ಹೇಳಿ: ನೀವು ಲಾಗಿನ್ ಆಗದೇ ಇರುವಾಗ ಕೋರಿಕೆ ಬಂತೆಂದರೆ ನಿಮ್ಮ ಪಾಸ್‌ವರ್ಡ್ ಆಗಲೇ ಬೇರೆಯವರ ಕೈಯಲ್ಲಿದೆ. ‘ಬೇಡ’ ಒತ್ತಿ ಸುಮ್ಮನಾಗಬೇಡಿ, ಕೂಡಲೇ ಪಾಸ್‌ವರ್ಡ್ ಬದಲಿಸಿ ತಿಳಿಸಿ.

ಆದರೆ ಆ್ಯಪ್ ಕೂಡ ದಾಟಲಾಗದ ಗೋಡೆಯಲ್ಲ. ಈಗಿನ ನಕಲಿ ಪುಟಗಳು ನಡುವೆ ನಿಂತು ಕೆಲಸ ಮಾಡುತ್ತವೆ: ನೀವು ಕೊಟ್ಟ ಪಾಸ್‌ವರ್ಡನ್ನೂ ಕೋಡನ್ನೂ ಆ ಕ್ಷಣವೇ ನಿಜವಾದ ಪುಟಕ್ಕೆ ದಾಟಿಸಿ, ಲಾಗಿನ್ ಆದ ಮೇಲೆ ಬ್ರೌಸರ್‌ಗೆ ಸಿಗುವ ಕುಕಿಯನ್ನೇ (ಲಾಗಿನ್ ಆಗಿದೆ ಎಂಬ ಗುರುತಿನ ಚೀಟಿಯನ್ನೇ) ಕದಿಯುತ್ತವೆ. ಕುಕಿ ಕೈಯಲ್ಲಿದ್ದವನಿಗೆ ಮತ್ತೆ ಕೋಡ್ ಬೇಕಾಗಿಲ್ಲ. ಇದಕ್ಕೆ ಪಕ್ಕಾ ಉತ್ತರ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್ ಅಥವಾ ಕಂಪ್ಯೂಟರ್‌ನಲ್ಲೇ ಇರುವ ಗುಪ್ತ ಕೀಲಿ) ಅಥವಾ ಯುಎಸ್‌ಬಿ ಭದ್ರತಾ ಕೀ. ಅವು ವೆಬ್‌ಸೈಟಿನ ನಿಜವಾದ ವಿಳಾಸಕ್ಕೆ ಕಟ್ಟಿಹಾಕಲ್ಪಟ್ಟಿರುತ್ತವೆ; ನಕಲಿ ವಿಳಾಸದಲ್ಲಿ ಬಳಕೆದಾರರು ಮೋಸಹೋದರೂ ಕೀ ಮೋಸಹೋಗುವುದಿಲ್ಲ. 2017ರ ಆರಂಭದಿಂದ 85,000ಕ್ಕೂ ಹೆಚ್ಚು ನೌಕರರಿಗೆ ಭದ್ರತಾ ಕೀ ಕಡ್ಡಾಯ ಮಾಡಿದ ಗೂಗಲ್, ಆಮೇಲೆ ಒಬ್ಬರ ಕೆಲಸದ ಖಾತೆಯೂ ಫಿಶಿಂಗ್‌ಗೆ (ಇಂಥ ನಕಲಿ ಪುಟದ ಮೋಸಕ್ಕೆ) ಬಲಿಯಾಗಿಲ್ಲ ಎಂದು 2018ರಲ್ಲಿ ಹೇಳಿತು. ಇಪ್ಪತ್ತೈದು ಜನರಿಗೂ ಯುಎಸ್‌ಬಿ ಕೀ ಕೊಳ್ಳಲಾಗದಿದ್ದರೆ ಯಜಮಾನರು, ಅಡ್ಮಿನ್‌ಗಳು ಮತ್ತು ಅಕೌಂಟ್ಸ್‌ನವರಿಗಾದರೂ ತಲಾ ಎರಡು ಕೊಡಿಸಿ. ಒಂದು ಬಳಕೆಗೆ, ಇನ್ನೊಂದು ಬೀರುವಿಗೆ. ಒಂದೇ ಇದ್ದು ಅದು ಕಳೆದರೆ ನೀವೇ ಹೊರಗುಳಿಯುತ್ತೀರಿ. ಉಳಿದವರಿಗೆ ಫೋನಿನಲ್ಲಿರುವ ಪಾಸ್‌ಕೀ ಸಾಕು.

ಅಡ್ಮಿನ್ ಖಾತೆ ಎರಡಿರಲಿ, ಅವುಗಳಲ್ಲಿ ದಿನನಿತ್ಯದ ಮೇಲ್ ಓದಬಾರದು. ತುರ್ತು ಕೋಡ್‌ಗಳನ್ನು ಕಾಗದದ ಮೇಲೆ ಮುದ್ರಿಸಿ ಲಾಕರ್‌ನಲ್ಲಿಡಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ನಂಬರ್ ಎಂದೋ ಕೆಲಸ ಬಿಟ್ಟವರದ್ದಾಗಿದೆಯೇ ಎಂದು ನೋಡಿ. ಬಹಳ ಕಡೆ ಹಾಗೇ ಇರುತ್ತದೆ.

ಇನ್ನು ತಂತ್ರಜ್ಞರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕಾದ ತಪಾಸಣೆ. ಒಂದು ಮಧ್ಯಾಹ್ನದ ಕೆಲಸ. ಪ್ರತಿ ಮೇಲ್‌ಬಾಕ್ಸ್‌ನ ರೂಲ್‌ಗಳನ್ನೂ ಫಾರ್ವರ್ಡಿಂಗ್ ವಿಳಾಸಗಳನ್ನೂ ತೆರೆದು ನೋಡಿ, ಹೊರಗಿನ ವಿಳಾಸಕ್ಕೆ ಮೇಲ್ ತಾನಾಗಿ ಹೋಗುವುದನ್ನು ಇಡೀ ಸಂಸ್ಥೆಗೆ ನಿಷೇಧಿಸಿ. ಖಾತೆಗೆ ಜೋಡಿಸಿರುವ ಹೊರಗಿನ ಆ್ಯಪ್‌ಗಳ ಪಟ್ಟಿ ನೋಡಿ. ಗುರುತಿಲ್ಲದ ಆ್ಯಪ್‌ಗೆ ‘ಮೇಲ್ ಓದಲು ಅನುಮತಿ’ ಇದ್ದರೆ ಕಿತ್ತುಹಾಕಿ. ಇದನ್ನು ಮರೆತರೆ ಪಾಸ್‌ವರ್ಡ್ ಬದಲಿಸಿಯೂ ಪ್ರಯೋಜನವಿಲ್ಲದೇ ಹೋಗಬಹುದು, ಏಕೆಂದರೆ ಆ ಅನುಮತಿ ಪಾಸ್‌ವರ್ಡ್ ಮೇಲೆ ನಿಂತಿರುವುದಲ್ಲ. ಮೇಲ್ ತರಿಸಿಕೊಳ್ಳಲು ಪಾಸ್‌ವರ್ಡ್ ಮಾತ್ರ ಕೇಳುವ ಹಳೆಯ ಪಾಪ್, ಐಮ್ಯಾಪ್ ಲಾಗಿನ್‌ಗಳನ್ನು ಮುಚ್ಚಿಸಿ. ಅವು ತೆರೆದಿದ್ದರೆ ವಂಚಕನಿಗೆ ಎರಡನೇ ಹಂತವನ್ನು ದಾಟಿ ಬರುವ ಅಗತ್ಯವೇ ಇಲ್ಲ. ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಹಳೆಯ ಪ್ರಿಂಟರ್‌ಗೋಸ್ಕರ ಇಂಥ ಬಾಗಿಲು ತೆರೆದಿಟ್ಟಿರುವ ಕಚೇರಿಗಳಿವೆ. ಪ್ರಿಂಟರ್‌ಗೆ ಬೇರೆ ದಾರಿ ಮಾಡಿ.

ನಿಮ್ಮ ಹೆಸರಿನಲ್ಲಿ ಬೇರೆಯವರು ಮೇಲ್ ಕಳಿಸದಂತೆ ತಡೆಯಲು ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್‌ನ ವಿಳಾಸ ಪುಸ್ತಕದಲ್ಲಿ) ಎಸ್‌ಪಿಎಫ್ (ನಿಮ್ಮ ಪರವಾಗಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ), ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ), ಡಿಮಾರ್ಕ್ (ಈ ಪರೀಕ್ಷೆಯಲ್ಲಿ ಸೋತ ಮೇಲ್‌ಗೆ ಏನು ಮಾಡಬೇಕೆಂಬ ಸೂಚನೆ) ಎಂಬ ಮೂರು ದಾಖಲೆ ಬೇಕು. ಎಡವುವುದು ಇಲ್ಲಿ: ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು, ಎರಡಿದ್ದರೆ ಎರಡೂ ಕೆಲಸಕ್ಕೆ ಬಾರವು, ಅದರೊಳಗಿನ ಡಿಎನ್‌ಎಸ್ ಹುಡುಕಾಟ ಹತ್ತನ್ನು ಮೀರಿದರೂ ಅದು ವಿಫಲ. ಡಿಮಾರ್ಕ್ ಅನ್ನು ಮೊದಲ ದಿನವೇ ‘ರಿಜೆಕ್ಟ್’ಗೆ ಇಟ್ಟರೆ ನಿಮ್ಮದೇ ಬಿಲ್ಲಿಂಗ್ ಸಾಫ್ಟ್‌ವೇರ್ ಕಳಿಸುವ ಮೇಲ್‌ಗಳು ಗ್ರಾಹಕರಿಗೆ ತಲುಪದೇ ಹೋಗಬಹುದು. ಆರಂಭದಲ್ಲಿ ‘ನನ್’ (ಏನೂ ಮಾಡಬೇಡ) ಎಂದಿಟ್ಟು ಮೂರು ನಾಲ್ಕು ವಾರ ವರದಿ ತರಿಸಿಕೊಳ್ಳಿ, ನಿಮ್ಮ ಪರವಾಗಿ ಮೇಲ್ ಕಳಿಸುವ ಸೇವೆಗಳನ್ನೆಲ್ಲ ಸೇರಿಸಿ, ಆಮೇಲೆ ‘ಕ್ವಾರಂಟೈನ್’, ಕೊನೆಗೆ ‘ರಿಜೆಕ್ಟ್’. ‘ನನ್’ನಲ್ಲೇ ವರ್ಷಗಟ್ಟಲೆ ಬಿಟ್ಟರೆ ಯಾವ ನಕಲಿ ಮೇಲೂ ತಡೆಯಾಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ನಿಮ್ಮದನ್ನೇ ಹೋಲುವ ಬೇರೆ ಡೊಮೇನ್ ಕೊಂಡವನನ್ನು ಇದು ತಡೆಯದು. ಇಂಗ್ಲಿಷಿನ ಸಣ್ಣ ಆರ್ ಮತ್ತು ಎನ್ ಅಕ್ಷರಗಳು ಒತ್ತಾಗಿ ನಿಂತರೆ ಎಂ ಎಂದೇ ಕಾಣುತ್ತದೆ. ಫೋನಿನ ಪರದೆಯಲ್ಲಿ ಅದನ್ನು ಗುರುತಿಸುವುದು ಯಾರಿಗೂ ಕಷ್ಟ. ಅದಕ್ಕಾಗಿಯೇ ಮುಂದಿನ ನಿಯಮ.

ಹಣ ಪಾವತಿಯ ನಿಯಮ

ಇದಕ್ಕೆ ಯಾವ ತಂತ್ರಜ್ಞಾನವೂ ಬೇಡ, ಇಂದೇ ಜಾರಿ ಮಾಡಬಹುದು. ಹೊಸ ಖಾತೆ ಸಂಖ್ಯೆ ಬಂದರೆ, ಅಥವಾ ಹಳೆಯದು ಬದಲಾಗಿದೆ ಎಂದು ಯಾರಾದರೂ ತಿಳಿಸಿದರೆ, ನಿಮ್ಮ ದಾಖಲೆಯಲ್ಲಿ ಮೊದಲಿನಿಂದ ಇರುವ ಫೋನ್ ನಂಬರ್‌ಗೆ ನೀವೇ ಕರೆ ಮಾಡಿ, ಖಾತೆ ಸಂಖ್ಯೆಯನ್ನು ಅವರ ಬಾಯಲ್ಲೇ ಹೇಳಿಸಿ. ಬಂದ ಮೇಲ್‌ನಲ್ಲಿರುವ ನಂಬರ್‌ಗೆ ಕರೆ ಮಾಡಕೂಡದು. ಅವರಾಗಿಯೇ ಮಾಡಿದ ಕರೆಯೂ ಲೆಕ್ಕಕ್ಕಿಲ್ಲ. ಯಾರು, ಯಾವ ದಿನ, ಯಾರ ಜೊತೆ ಮಾತಾಡಿದರು ಎಂಬುದನ್ನು ಬಿಲ್ಲಿನ ಮೇಲೇ ಬರೆದಿಡಿ. ನಿಗದಿತ ಮೊತ್ತಕ್ಕಿಂತ ದೊಡ್ಡ ಪಾವತಿಗೆ ಒಬ್ಬರು ನಮೂದಿಸಿ ಇನ್ನೊಬ್ಬರು ಅನುಮೋದಿಸುವ ವ್ಯವಸ್ಥೆಯನ್ನು ಬ್ಯಾಂಕಿನಲ್ಲೇ ಮಾಡಿಸಿ.

‘ವಿಡಿಯೊ ಕಾಲ್‌ನಲ್ಲಿ ಮುಖ ನೋಡಿದೆವಲ್ಲ’ ಎಂಬುದು ಈಗ ಸಾಕ್ಷಿಯಲ್ಲ. 2024ರ ಆರಂಭದಲ್ಲಿ ಬೆಳಕಿಗೆ ಬಂದ ಹಾಂಗ್‌ಕಾಂಗ್‌ನ ಪ್ರಕರಣದಲ್ಲಿ ಬಹುರಾಷ್ಟ್ರೀಯ ಕಂಪನಿಯೊಂದರ ನೌಕರರೊಬ್ಬರಿಗೆ ಮೊದಲು ಬಂದ ಮೇಲ್ ನೋಡಿ ಅನುಮಾನವೇ ಬಂದಿತ್ತು. ಆದರೆ ವಿಡಿಯೊ ಸಭೆಯಲ್ಲಿ ಹಣಕಾಸು ಮುಖ್ಯಸ್ಥರೂ ಸಹೋದ್ಯೋಗಿಗಳೂ ಕಂಡದ್ದರಿಂದ ಅನುಮಾನ ಕರಗಿತು. ಅವರೆಲ್ಲ ಡೀಪ್‌ಫೇಕ್ ಬಿಂಬಗಳಾಗಿದ್ದರು. ಹೋದದ್ದು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್. ಆ ಅನುಮಾನಕ್ಕೆ ಬೆಂಬಲವಾಗಿ ‘ಹಳೆಯ ನಂಬರ್‌ಗೆ ಮರಳಿ ಕರೆ ಮಾಡದೆ ಹಣ ಹೋಗುವುದಿಲ್ಲ’ ಎಂಬ ಒಂದು ನಿಯಮವಿದ್ದರೆ ಸಾಕಿತ್ತು. ಅದಕ್ಕೇ ಈ ನಿಯಮ ಯಜಮಾನರಿಗೂ ಅನ್ವಯಿಸಬೇಕು, ಮತ್ತು ಅವರೇ ಅದನ್ನು ಲಿಖಿತವಾಗಿ ಹೇಳಬೇಕು: ‘ನನ್ನ ಹೆಸರಲ್ಲಿ ಎಷ್ಟೇ ತುರ್ತಿನ ಸೂಚನೆ ಬಂದರೂ ಖಚಿತಪಡಿಸಿಕೊಳ್ಳಿ, ತಡವಾಯಿತೆಂದು ಯಾರನ್ನೂ ಬೈಯುವುದಿಲ್ಲ.’ ಈ ಮಾತಿಲ್ಲದಿದ್ದರೆ ಕಿರಿಯ ಅಕೌಂಟೆಂಟ್ ಯಜಮಾನರಿಗೆ ಮರುಪ್ರಶ್ನೆ ಹಾಕುವ ಧೈರ್ಯ ಮಾಡುವುದಿಲ್ಲ.

ಬ್ಯಾಕಪ್

ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ಸರ್ವರ್‌ಗೆ ಸದಾ ಜೋಡಿಸಿರುವ ಆ ಯುಎಸ್‌ಬಿ ಡಿಸ್ಕ್. ರ‍್ಯಾನ್ಸಮ್‌ವೇರ್ (ಕಡತಗಳನ್ನು ಲಾಕ್ ಮಾಡಿ ಒತ್ತೆಹಣ ಕೇಳುವ ತಂತ್ರಾಂಶ) ದಾಳಿಕೋರರು ಒಳಬಂದ ಕೂಡಲೇ ಕಡತಗಳನ್ನು ಲಾಕ್ ಮಾಡುವುದಿಲ್ಲ. ಮೊದಲು ಅಡ್ಮಿನ್ ಪಾಸ್‌ವರ್ಡ್ ಸಂಪಾದಿಸುತ್ತಾರೆ, ಬ್ಯಾಕಪ್ ಎಲ್ಲಿದೆ ಎಂದು ಹುಡುಕುತ್ತಾರೆ, ಅದನ್ನು ಅಳಿಸುತ್ತಾರೆ, ವಿಂಡೋಸ್ ತಾನೇ ಇಟ್ಟುಕೊಳ್ಳುವ ಶ್ಯಾಡೋ ಕಾಪಿಗಳನ್ನೂ ಒರೆಸುತ್ತಾರೆ, ದತ್ತಾಂಶದ ಒಂದು ಪ್ರತಿ ಕದಿಯುತ್ತಾರೆ. ಕಡತ ಲಾಕ್ ಆಗುವುದು ಕೊನೆಗೆ, ಹೆಚ್ಚಾಗಿ ರಾತ್ರಿ ಅಥವಾ ರಜಾದಿನ. ಸರ್ವರ್‌ಗೆ ಕಾಣುವ ಡಿಸ್ಕ್ ಅವರಿಗೂ ಕಾಣುತ್ತದೆ. ನಿಮ್ಮ ತಂತ್ರಜ್ಞರಿಗೆ ಈ ಒಂದು ಪ್ರಶ್ನೆ ಕೇಳಿ: ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಇರುವವನು ನಮ್ಮ ಎಲ್ಲ ಬ್ಯಾಕಪ್‌ಗಳನ್ನೂ ಅಳಿಸಬಲ್ಲನೇ? ‘ಹೌದು’ ಎಂದಾದರೆ ದಾಳಿಯ ದಿನ ನಿಮ್ಮ ಬಳಿ ಬ್ಯಾಕಪ್ ಇರುವುದಿಲ್ಲ.

ಹಳೆಯ 3-2-1 ಸೂತ್ರ ಈಗಲೂ ಸರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಅದಕ್ಕೆ ಇಂದಿನ ಕಾಲದ ಒಂದು ಷರತ್ತು ಸೇರಿಸಿ: ಕನಿಷ್ಠ ಒಂದು ಪ್ರತಿಯನ್ನು ಯಾರೂ, ಅಡ್ಮಿನ್ ಕೂಡ, ಅಳಿಸಲಾಗಬಾರದು. ನಿಮ್ಮ ಗಾತ್ರಕ್ಕೆ ಹೊಂದುವ ವ್ಯವಸ್ಥೆ ಹೀಗಿರಬಹುದು. ಕಚೇರಿಯಲ್ಲಿ ಒಂದು ಎನ್‌ಎಎಸ್ (ಜಾಲಕ್ಕೆ ಜೋಡಿಸುವ ಸಂಗ್ರಹ) ಪೆಟ್ಟಿಗೆ, ಅದಕ್ಕೆ ಸರ್ವರ್‌ನದ್ದಲ್ಲದ ಬೇರೆಯೇ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್. ಸರ್ವರ್ ಅದರೊಳಗೆ ಬರೆಯುವ ಬದಲು ಆ ಪೆಟ್ಟಿಗೆಯೇ ಸರ್ವರ್‌ನಿಂದ ಕಡತಗಳನ್ನು ಎಳೆದುಕೊಳ್ಳಲಿ. ರಾತ್ರಿ ಕ್ಲೌಡ್‌ಗೆ ಒಂದು ಪ್ರತಿ, ಆಬ್ಜೆಕ್ಟ್ ಲಾಕ್ ಹಾಕಿ 30 ದಿನ ಅಳಿಸಲಾಗದಂತೆ. ಇವುಗಳ ಜೊತೆಗೆ ಎರಡು ಯುಎಸ್‌ಬಿ ಡಿಸ್ಕ್, ವಾರಕ್ಕೊಮ್ಮೆ ಅದಲುಬದಲು. ಒಂದು ಜೋಡಣೆಯಲ್ಲಿದ್ದಾಗ ಇನ್ನೊಂದು ಕಚೇರಿಯಿಂದ ಹೊರಗೆ ಭದ್ರವಾಗಿರಲಿ. ಡಿಸ್ಕ್‌ಗಳು ಎನ್‌ಕ್ರಿಪ್ಟ್ ಆಗಿರಲಿ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತಿರಲಿ), ಇಲ್ಲವಾದರೆ ಡಿಸ್ಕ್ ಕಳೆದ ದಿನ ಗ್ರಾಹಕರ ಮಾಹಿತಿಯೂ ಕಳೆಯಿತು.

ಕ್ಲೌಡ್ ಡ್ರೈವ್‌ನಲ್ಲಿ ಕಡತ ಸಿಂಕ್ ಆಗುತ್ತಿದೆ ಎಂದರೆ ಬ್ಯಾಕಪ್ ಆಗಿದೆ ಎಂದಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಲಾಕ್ ಆದದ್ದು ಅಲ್ಲಿಯೂ ಲಾಕ್ ಆಗುತ್ತದೆ. ಹಿಂದಿನ ಆವೃತ್ತಿಗೆ ಮರಳುವ ಸೌಲಭ್ಯ ಇದ್ದರೂ ಅದಕ್ಕೆ ಅವಧಿಯ ಮಿತಿಯಿದೆ. ಒನ್‌ಡ್ರೈವ್ ಅನ್ನು ಇಡಿಯಾಗಿ ಹಿಂದಕ್ಕೆ ಒಯ್ಯಬಹುದಾದ್ದು 30 ದಿನಗಳವರೆಗೆ ಮಾತ್ರ. ಹಾಗಾಗಿ ಮೇಲ್‌ಬಾಕ್ಸ್ ಮತ್ತು ಕ್ಲೌಡ್ ಕಡತಗಳಿಗೂ ಪ್ರತ್ಯೇಕ ಬ್ಯಾಕಪ್ ಬೇಕು.

ಬ್ಯಾಕಪ್ ಕೈಕೊಡುವ ಕಾರಣಗಳು ಬಹುತೇಕ ಇವೇ. ಲೆಕ್ಕಪತ್ರ ಸಾಫ್ಟ್‌ವೇರ್ ತೆರೆದಿರುವಾಗಲೇ ಅದರ ಡೇಟಾಬೇಸ್ ಕಡತವನ್ನು ನಕಲಿಸಿರುತ್ತಾರೆ. ಪ್ರತಿ ಇದೆ, ತೆರೆಯುವುದಿಲ್ಲ. ಸಾಫ್ಟ್‌ವೇರ್‌ನದೇ ಬ್ಯಾಕಪ್ ಆಯ್ಕೆ ಬಳಸಿ, ಆ ಕಡತವನ್ನು ನಕಲಿಸಬೇಕು. ಬ್ಯಾಕಪ್‌ನ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಇರುವುದು ಲಾಕ್ ಆದ ಅದೇ ಸರ್ವರ್‌ನ ಒಂದು ಎಕ್ಸೆಲ್ ಹಾಳೆಯಲ್ಲಿ. ಡಿಸ್ಕ್ ತುಂಬಿ ತಿಂಗಳುಗಳಿಂದ ಬ್ಯಾಕಪ್ ನಿಂತಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ಇದಕ್ಕೆ ಸುಲಭ ಉಪಾಯ: ‘ಬ್ಯಾಕಪ್ ಯಶಸ್ವಿ’ ಎಂಬ ಮೇಲ್ ಪ್ರತಿದಿನ ಒಬ್ಬರಿಗೆ ಬರಲಿ, ಬಾರದ ದಿನ ಅವರು ವಿಚಾರಿಸಲಿ.

ತಿಂಗಳಿಗೊಮ್ಮೆ ಬೇರೆ ಬೇರೆ ಫೋಲ್ಡರ್‌ಗಳಿಂದ ಐದಾರು ಕಡತ ಮರಳಿ ತೆಗೆದು, ತೆರೆದು ನೋಡಿ. ವರ್ಷಕ್ಕೆ ಎರಡು ಬಾರಿ ಇಡೀ ಸರ್ವರ್ ಅನ್ನು ಖಾಲಿ ಯಂತ್ರವೊಂದರ ಮೇಲೆ ಎಬ್ಬಿಸಿ ನೋಡಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಸಮಯದ ಲೆಕ್ಕ ಬಹಳ ಜನರಿಗೆ ಮೊದಲೇ ಹೊಳೆಯುವುದಿಲ್ಲ: 2 ಟಿಬಿ ದತ್ತಾಂಶವನ್ನು 100 ಎಂಬಿಪಿಎಸ್ ಇಂಟರ್ನೆಟ್‌ನಲ್ಲಿ ಇಳಿಸಿಕೊಳ್ಳಲು, ಲೈನ್ ಪೂರ್ತಿ ವೇಗದಲ್ಲಿ ಓಡಿದರೂ, 44 ಗಂಟೆ ಬೇಕು. ವಾಸ್ತವದಲ್ಲಿ ಮೂರು ದಿನ ಎಂದಿಟ್ಟುಕೊಳ್ಳಿ. ಕಚೇರಿಯೊಳಗೂ ಒಂದು ಪ್ರತಿ ಇರಬೇಕೆಂದು ಒತ್ತಿ ಹೇಳುವುದು ಅದಕ್ಕೇ.

2017ರ ಜೂನ್‌ನಲ್ಲಿ ನಾಟ್‌ಪೆಟ್ಯ ಎಂಬ ವಿನಾಶಕ ತಂತ್ರಾಂಶದ ದಾಳಿಗೆ ಸಿಕ್ಕ ಹಡಗು ಸಾಗಣೆ ಕಂಪನಿ ಮೇರ್ಸ್ಕ್‌ನ ಉದಾಹರಣೆ ನೋಡಿ. ಇಡೀ ಜಾಲದ ಲಾಗಿನ್‌ಗಳನ್ನು ನಿಭಾಯಿಸುವ ಡೊಮೇನ್ ಕಂಟ್ರೋಲರ್‌ಗಳು ಒಂದರಿಂದೊಂದಕ್ಕೆ ನಕಲಾಗುತ್ತವೆ, ಹಾಗಾಗಿ ಪ್ರತ್ಯೇಕ ಬ್ಯಾಕಪ್ ಬೇಡ ಎಂಬ ಲೆಕ್ಕಾಚಾರವಿತ್ತು. ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಘಾನಾ ಕಚೇರಿಯ ಒಂದೇ ಒಂದು ಯಂತ್ರ, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಜಾಲದಿಂದ ಕಡಿದುಕೊಂಡಿದ್ದರಿಂದ. ಕಂಪನಿ ಅಂದಾಜಿಸಿದ ನಷ್ಟ 25ರಿಂದ 30 ಕೋಟಿ ಡಾಲರ್. ಜಾಲದಿಂದ ಹೊರಗಿರುವ ಒಂದು ಪ್ರತಿಗೆ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಅಪ್‌ಡೇಟ್ ಮತ್ತು ತೆರೆದ ಬಾಗಿಲುಗಳು

ವಾನ್ನಾಕ್ರೈ ಎಂಬ ಒತ್ತೆಹಣದ ತಂತ್ರಾಂಶ 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳ ಅವಕಾಶವಿತ್ತು.

ಮೊದಲು ಒಂದು ಪಟ್ಟಿ ಬರೆಯಿರಿ: ಪ್ರತಿ ಕಂಪ್ಯೂಟರ್, ಫೋನ್, ರೂಟರ್, ಎನ್‌ಎಎಸ್, ಕ್ಯಾಮೆರಾ, ಪ್ರಿಂಟರ್, ಯಾರ ಬಳಿ ಇದೆ, ಯಾವ ಆವೃತ್ತಿ, ಕಂಪನಿ ಇನ್ನೂ ಅಪ್‌ಡೇಟ್ ಕೊಡುತ್ತಿದೆಯೇ. ಪಟ್ಟಿಯಲ್ಲಿಲ್ಲದ ಯಂತ್ರವನ್ನು ಯಾರೂ ಅಪ್‌ಡೇಟ್ ಮಾಡುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಗಳಿದ್ದರೆ ಬದಲಾವಣೆಗೆ ದಿನಾಂಕ ಗೊತ್ತುಮಾಡಿ. ಇಂಟರ್ನೆಟ್‌ಗೆ ನೇರವಾಗಿ ಮುಖ ಮಾಡಿರುವ ರೂಟರ್, ಫೈರ್‌ವಾಲ್, ವಿಪಿಎನ್ (ಹೊರಗಿನಿಂದ ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಬರುವ ದಾರಿ), ಎನ್‌ಎಎಸ್‌ಗಳ ಗಂಭೀರ ದೋಷಗಳಿಗೆ ಎರಡು ದಿನದೊಳಗೆ ಅಪ್‌ಡೇಟ್ ಹಾಕಿ. ಉಳಿದದ್ದಕ್ಕೆ 14 ದಿನ. ಬ್ರಿಟನ್ನಿನ ಸೈಬರ್ ಎಸೆನ್ಷಿಯಲ್ಸ್ ಪ್ರಮಾಣಪತ್ರ ಗಂಭೀರ ದೋಷಗಳಿಗೆ ಕೇಳುವ ಗಡುವೂ ಅದೇ. ಬ್ರೌಸರ್ ತಾನೇ ಅಪ್‌ಡೇಟ್ ಆಗುತ್ತದೆ ನಿಜ, ಆದರೆ ಮುಚ್ಚಿ ತೆರೆಯುವವರೆಗೆ ಹಳೆಯದೇ ಓಡುತ್ತಿರುತ್ತದೆ.

ಹೊರಗಿನಿಂದ ಸರ್ವರ್‌ಗೆ ಬರಲು ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದಿದ್ದರೆ ಇಂದೇ ಮುಚ್ಚಿಸಿ. ಪೋರ್ಟ್ ಸಂಖ್ಯೆ ಬದಲಿಸಿದರೆ ಸಾಲದು, ಇಡೀ ಇಂಟರ್ನೆಟ್ ಅನ್ನು ಸದಾ ಜಾಲಾಡುತ್ತಿರುವ ಯಂತ್ರಗಳಿಗೆ ಅದು ಬೇಗ ಸಿಗುತ್ತದೆ. ವಿಪಿಎನ್ ಇಡಿ, ಅದಕ್ಕೂ ಎರಡನೇ ಹಂತ ಹಾಕಿ, ಬಳಕೆಯಲ್ಲಿಲ್ಲದ ಖಾತೆಗಳನ್ನು ಅಳಿಸಿ. 2021ರ ಮೇನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಇಂಧನ ಸಾಗಣೆಯನ್ನೇ ನಿಲ್ಲಿಸುವಂತಾದದ್ದು, ಎರಡನೇ ಹಂತವಿಲ್ಲದ ಹಳೆಯ ವಿಪಿಎನ್ ಖಾತೆಯೊಂದರ ಪಾಸ್‌ವರ್ಡ್ ಸೋರಿದ್ದರಿಂದ.

ಈಗ ತುಸು ಮುಜುಗರದ ವಿಷಯ: ನಿಮ್ಮ ತಂತ್ರಜ್ಞರು. ಅವರ ಪ್ರಾಮಾಣಿಕತೆಯ ಪ್ರಶ್ನೆ ಇದಲ್ಲ. ಅವರು ದೂರದಿಂದ ನೋಡಿಕೊಳ್ಳಲು ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿ, ಯಾರೂ ಒಪ್ಪಿಗೆ ಕೊಡದೆಯೇ ಒಳಬರುವ ಪಾಸ್‌ವರ್ಡ್ ಇಟ್ಟಿದ್ದಾರೆಯೇ? ಅದೇ ಪಾಸ್‌ವರ್ಡ್ ಅವರ ಬೇರೆ ಗ್ರಾಹಕರಲ್ಲೂ ಇದೆಯೇ? ಹಾಗಿದ್ದರೆ ಅವರಲ್ಲಿ ಒಬ್ಬರಿಗಾದ ತೊಂದರೆ ನಿಮ್ಮ ಮನೆಗೂ ಬರುತ್ತದೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಕದ್ದವರು ಒಳಹೊಕ್ಕಿದ್ದು ಹವಾನಿಯಂತ್ರಣ ಗುತ್ತಿಗೆದಾರ ಕಂಪನಿಯ ಲಾಗಿನ್ ಹಿಡಿದು. ತಂತ್ರಜ್ಞರಿಗೆ ಅವರ ಹೆಸರಿನಲ್ಲೇ ಪ್ರತ್ಯೇಕ ಖಾತೆ ಕೊಡಿ, ಅದಕ್ಕೆ ಎರಡನೇ ಹಂತವಿರಲಿ, ದೂರದ ಸಂಪರ್ಕಕ್ಕೆ ಪ್ರತಿ ಬಾರಿಯೂ ನಿಮ್ಮ ಕಡೆಯಿಂದ ಒಪ್ಪಿಗೆ ಬೇಕಿರಲಿ. ಮೇಲ್, ಡೊಮೇನ್, ಬ್ಯಾಕಪ್‌ನ ಮೂಲ ಅಡ್ಮಿನ್ ಅಧಿಕಾರ ಅವರೊಬ್ಬರ ಕೈಯಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರಲಿ.

ಉಳಿದವು

ಪಾಸ್‌ವರ್ಡ್‌ಗಳಿಗೆ ಒಂದು ಪಾಸ್‌ವರ್ಡ್ ಮ್ಯಾನೇಜರ್ ಕೊಡಿಸಿ. ಸಿಬ್ಬಂದಿ ನೆನಪಿಡಬೇಕಾದ್ದು ನಾಲ್ಕೈದು ಪದಗಳ ಒಂದು ಉದ್ದನೆಯ ಪಾಸ್‌ವರ್ಡ್ ಮಾತ್ರ. ಮೂರು ತಿಂಗಳಿಗೊಮ್ಮೆ ಬದಲಿಸುವ ಕಡ್ಡಾಯವನ್ನು ಕೈಬಿಡಿ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2017ರಿಂದಲೇ ಅದು ಬೇಡವೆನ್ನುತ್ತಿದೆ, ಏಕೆಂದರೆ ಜನ ಕೊನೆಯ ಅಂಕಿ ಮಾತ್ರ ಬದಲಿಸುತ್ತಾರೆ. ಸೋರಿದ ಸುಳಿವು ಸಿಕ್ಕಾಗ ಮಾತ್ರ ಬದಲಿಸಿ. ಕೆಲಸ ಬಿಡುವವರ ಖಾತೆಗಳನ್ನು ಅದೇ ದಿನ ಮುಚ್ಚಲು ಒಂದು ಹಾಳೆಯಷ್ಟು ಪಟ್ಟಿ ಸಿದ್ಧವಿರಲಿ.

ದಿನನಿತ್ಯದ ಲಾಗಿನ್‌ಗೆ ಕಂಪ್ಯೂಟರ್‌ನ ಅಡ್ಮಿನ್ ಅಧಿಕಾರ ಬೇಡ. ವಿಂಡೋಸ್‌ನಲ್ಲಿ ಕಡತಗಳ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿ. ಅದು ಅಡಗಿದ್ದರೆ ‘ಇನ್‌ವಾಯ್ಸ್.ಪಿಡಿಎಫ್.ಇಎಕ್ಸ್‌ಇ’ ಎಂಬ ಪ್ರೋಗ್ರಾಂ ಬರೀ ‘ಇನ್‌ವಾಯ್ಸ್.ಪಿಡಿಎಫ್’ ಎಂದು ಕಾಣುತ್ತದೆ. ಆಂಟಿವೈರಸ್‌ನಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇರಲಿ, ಇಲ್ಲದಿದ್ದರೆ ದಾಳಿಕೋರರು ಮೊದಲು ಆಫ್ ಮಾಡುವುದು ಆ ಆಂಟಿವೈರಸ್ ಅನ್ನೇ. ಲ್ಯಾಪ್‌ಟಾಪ್‌ಗಳಿಗೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ (ವಿಂಡೋಸ್) ಅಥವಾ ಫೈಲ್‌ವಾಲ್ಟ್ (ಮ್ಯಾಕ್) ಹಾಕಿ, ರಿಕವರಿ ಕೀಯನ್ನು ಅದೇ ಲ್ಯಾಪ್‌ಟಾಪ್‌ನಲ್ಲಿ ಇಡಬೇಡಿ. ರೂಟರ್‌ನ ಕಾರ್ಖಾನೆ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಗುಂಡಿ ಅಥವಾ ಪಿನ್‌ನಿಂದ ವೈಫೈ ಸೇರುವ ಸೌಲಭ್ಯ) ಮತ್ತು ಯುಪಿಎನ್‌ಪಿ (ಯಂತ್ರಗಳು ತಾವೇ ರೂಟರ್‌ನಲ್ಲಿ ಬಾಗಿಲು ತೆರೆಯುವ ಸೌಲಭ್ಯ) ಆಫ್ ಮಾಡಿ, ಅತಿಥಿಗಳ ಫೋನ್‌ಗೂ ಸಿಸಿಟಿವಿಗೂ ಪ್ರತ್ಯೇಕ ವೈಫೈ ಕೊಡಿ.

ಸಿಬ್ಬಂದಿಯ ತರಬೇತಿ ದೀರ್ಘ ಉಪನ್ಯಾಸವಾಗಬೇಕಿಲ್ಲ. ಮೂರು ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ, ನಿಮಗೇ ಬಂದ ನಕಲಿ ಮೇಲ್‌ಗಳನ್ನು ತೋರಿಸಿ ಮಾತಾಡಿ. ಲಿಂಕ್ ಒತ್ತಿದವರನ್ನು ಅವಮಾನಿಸಬೇಡಿ. ಒತ್ತಿದ ಐದು ನಿಮಿಷಕ್ಕೆ ಬಂದು ಹೇಳಿದರೆ ಖಾತೆ ಉಳಿಸಬಹುದು. ಭಯದಿಂದ ಮುಚ್ಚಿಟ್ಟರೆ ವಂಚಕನಿಗೆ ವಾರಗಟ್ಟಲೆ ಸಮಯ ಸಿಗುತ್ತದೆ.

ಆದರೂ ಏನಾದರೂ ಆದರೆ

ಈ ಸೂಚನೆಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಹಾಕಿ. ಕಂಪ್ಯೂಟರ್ ಲಾಕ್ ಆದ ದಿನ ಕಂಪ್ಯೂಟರ್‌ನಲ್ಲಿರುವ ಸೂಚನೆ ಸಿಗದು. ಸೋಂಕಿನ ಅನುಮಾನ ಬಂದ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆಫ್ ಮಾಡಿ. ಸ್ವಿಚ್ ಆಫ್ ಮಾಡಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ; ಮೆಮೊರಿಯಲ್ಲಿರುವ ಕುರುಹುಗಳು ತನಿಖೆಗೆ ಬೇಕಾಗುತ್ತವೆ. ನೆಟ್‌ವರ್ಕ್‌ನಿಂದ ಬಿಡಿಸಲು ಸಾಧ್ಯವೇ ಆಗದೆ, ಕಡತಗಳು ಕಣ್ಣೆದುರೇ ಲಾಕ್ ಆಗುತ್ತಿದ್ದರೆ ಮಾತ್ರ ಆಫ್ ಮಾಡಿ. ಬ್ಯಾಕಪ್ ಡಿಸ್ಕ್ ಬೇರ್ಪಡಿಸಿ. ಪರಸ್ಪರ ಫೋನ್‌ನಲ್ಲಿ ಮಾತಾಡಿ, ಮೇಲ್‌ನಲ್ಲಿ ಬೇಡ. ದಾಳಿಕೋರ ಅದನ್ನು ಓದುತ್ತಿರಬಹುದು. ಸೋಂಕಿಲ್ಲದ ಬೇರೆ ಯಂತ್ರದಿಂದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯ ಲಾಗಿನ್‌ಗಳನ್ನೂ ಒಮ್ಮೆಗೇ ಹೊರಹಾಕುವ ಆಯ್ಕೆ ಒತ್ತಿ, ರೂಲ್‌ಗಳನ್ನೂ ಆ್ಯಪ್ ಅನುಮತಿಗಳನ್ನೂ ಮತ್ತೆ ನೋಡಿ. ಹಣ ಹೋಗಿದ್ದರೆ ಎಲ್ಲಕ್ಕಿಂತ ಮೊದಲು ಬ್ಯಾಂಕಿಗೆ ಫೋನ್, ಆಮೇಲೆ ಪೊಲೀಸರಿಗೆ ದೂರು. ಮೊದಲ ಕೆಲವು ಗಂಟೆಗಳಲ್ಲಿ ತಡೆಹಿಡಿಯುವ ಸಾಧ್ಯತೆಯಿರುತ್ತದೆ, ಹಣ ಮುಂದಿನ ಖಾತೆಗಳಿಗೆ ಚದುರಿದ ಮೇಲೆ ಬಹಳ ಕಷ್ಟ.

ಒತ್ತೆಹಣ ಕೇಳುವ ಸಂದೇಶದ ಫೋಟೊ ತೆಗೆದಿಟ್ಟುಕೊಳ್ಳಿ. ನೆದರ್ಲೆಂಡ್ಸ್ ಪೊಲೀಸರು ಮತ್ತು ಯೂರೋಪೋಲ್ ಭದ್ರತಾ ಕಂಪನಿಗಳೊಂದಿಗೆ ಸೇರಿ 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಹಲವು ಬಗೆಯ ರ‍್ಯಾನ್ಸಮ್‌ವೇರ್‌ಗೆ ಬಿಡಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಹಣ ಕೊಟ್ಟರೆ ಕಡತ ಮರಳುತ್ತದೆ ಎಂಬ ಖಾತರಿಯಿಲ್ಲ, ಕದ್ದ ಪ್ರತಿಯನ್ನು ಅಳಿಸುತ್ತಾರೆಂಬ ಖಾತರಿಯಂತೂ ಇಲ್ಲವೇ ಇಲ್ಲ. ಬ್ಯಾಕಪ್‌ನಿಂದ ಮರಳಿ ಕಟ್ಟುವ ಮುನ್ನ ಅವರು ಒಳಬಂದ ದಾರಿ ಮುಚ್ಚಿದೆಯೇ ನೋಡಿ, ಇಲ್ಲವಾದರೆ ಅದೇ ದಾರಿಯಲ್ಲಿ ಮತ್ತೆ ಬರುತ್ತಾರೆ.

ಕೊನೆಯದಾಗಿ ನಿಮ್ಮ ವಿಮೆಯ ಪ್ರಶ್ನೆ. ಮಾಡಿಸಿಕೊಳ್ಳಿ, ಆದರೆ ಮೇಲಿನ ನಾಲ್ಕು ಕೆಲಸ ಮುಗಿದ ಮೇಲೆ. ಎರಡು ಹಂತದ ದೃಢೀಕರಣ ಎಲ್ಲೆಲ್ಲಿ ಇದೆ, ಬ್ಯಾಕಪ್ ಜಾಲದಿಂದ ಹೊರಗಿದೆಯೇ ಎಂದು ವಿಮಾ ಅರ್ಜಿಯಲ್ಲೇ ಕೇಳುತ್ತಾರೆ. ಅರೆಬರೆ ಇರುವುದಕ್ಕೆ ‘ಹೌದು’ ಎಂದು ಬರೆದರೆ ಪರಿಹಾರ ಕೇಳುವ ದಿನ ಅದೇ ಮುಳುವಾಗುತ್ತದೆ. 2022ರಲ್ಲಿ ಅಮೆರಿಕದಲ್ಲಿ ವಿಮಾ ಕಂಪನಿಯೊಂದು, ಗ್ರಾಹಕ ಸಂಸ್ಥೆ ಹೇಳಿಕೊಂಡಷ್ಟು ಕಡೆ ಎರಡನೇ ಹಂತ ಹಾಕಿರಲಿಲ್ಲವೆಂದು ನ್ಯಾಯಾಲಯಕ್ಕೆ ಹೋಯಿತು. ಆ ಪಾಲಿಸಿಯೇ ರದ್ದಾಯಿತು. ಪಾಲಿಸಿ ತೆಗೆದುಕೊಳ್ಳುವ ಮುನ್ನ ಒಂದನ್ನು ಲಿಖಿತವಾಗಿ ಕೇಳಿ: ನಮ್ಮ ನೌಕರರೇ ಮೋಸಹೋಗಿ ತಾವಾಗಿ ಹಣ ಕಳಿಸಿದರೆ ಪರಿಹಾರ ಸಿಗುತ್ತದೆಯೇ, ಎಷ್ಟರವರೆಗೆ? ನಿಮ್ಮ ಪೂರೈಕೆದಾರರ ಗ್ರಾಹಕರಿಗೆ ಆದದ್ದು ಅದೇ, ಮತ್ತು ಅನೇಕ ಪಾಲಿಸಿಗಳಲ್ಲಿ ಅದಕ್ಕೆ ಪ್ರತ್ಯೇಕ, ಬಹಳ ಕಡಿಮೆ ಮಿತಿ ಇರುತ್ತದೆ.